ಹಾಕಿದ ರಸ್ತೇನ ಯಾಕೆ ಅಗೀತಾರೆ? ಮೈಸೂರಲ್ಲಿ ಯಾವ ಕೆಲಸ ಯಾರ್ದು ಅಂತ ಬಿಡಿಸಿ ನೋಡೋಣ

ನಮ್ಮ ಕ್ರಾಸಿಗೆ ಡಾಂಬರು ಬಿದ್ದಿದ್ದು ದಸರಾಕ್ಕೆ ಇನ್ನು ಹದಿನೈದು ದಿನ ಇದೆ ಅನ್ನುವಾಗ. ಎಷ್ಟೋ ವರ್ಷ ಕಾದು ಬಿದ್ದ ಡಾಂಬರು, ಅದಕ್ಕೇ ಬೀದಿ ಮಕ್ಕಳೆಲ್ಲ ಆವತ್ತು ಸಂಜೆನೇ ಸೈಕಲ್ ತಂದು ಸುತ್ತು ಹೊಡೆದಿದ್ದೇ ಹೊಡೆದಿದ್ದು. ಸಂಕ್ರಾಂತಿಗೆ ಹೆಣ್ಮಕ್ಕಳು ಎಳ್ಳು ಬೀರೋಕೆ ಹೊರಡೋ ಹೊತ್ತಿಗೆ ಅದೇ ರಸ್ತೇನ ಈ ತುದಿಯಿಂದ ಆ ತುದಿವರೆಗೂ ಎರಡಡಿ ಅಗಲ ಅಗೆದು, ಪೈಪು ಇಳಿಸಿ, ಮೇಲೆ ಮಣ್ಣು ಎಳೆದು ಹೋದ್ರು. ಯುಗಾದಿ ಆದ್ಮೇಲೆ ಬಂದ ಮೊದಲ ಜೋರು ಮಳೆಗೆ ಆ ಮಣ್ಣು ಕುಸಿದು ಉದ್ದಕ್ಕೂ ಕಾಲುವೆ ಆಯ್ತು, ಬೆಳಗಿನ ಜಾವ ಹಾಲು ಹಾಕೋ ಹುಡುಗ ಅದರಲ್ಲಿ ಚಕ್ರ ಸಿಕ್ಕಿಸ್ಕೊಂಡು ಬಿದ್ದು ಮೊಣಕೈ ಮುರ್ಕೊಂಡ. ಅಗೆದೋರು ಯಾರು ಅನ್ನೋ ಹೆಸರು ಇಲ್ಲಿ ಬೇಡ, ಯಾಕಂದ್ರೆ ಇದು ಬರೀ ನಮ್ಮ ಬೀದಿ ಕಥೆ ಅಲ್ಲ.

ಆವತ್ತು ಬೀದೀಲಿ ನಿಂತು ಎಲ್ಲರೂ ಬೈದ್ರು. ಒಬ್ಬರು ಕಾರ್ಪೊರೇಷನ್‌ನೋರಿಗೆ ಬೈದ್ರು, ಒಬ್ಬರು ಎಂಎಲ್‌ಎಗೆ, ಇನ್ನೊಬ್ಬರು ನೇರ ಮುಖ್ಯಮಂತ್ರಿಗೇ. ನನಗೆ ಆಗ ಹೊಳೆದಿದ್ದು ಇಷ್ಟು, ಇಷ್ಟು ವರ್ಷ ಈ ಊರಲ್ಲಿ ಇದೀವಿ, ನಮ್ಮೂರು ಅಂತ ಎದೆ ತಟ್ಕೋತೀವಿ, ಆದ್ರೆ ನಮ್ಮ ಮನೆ ಮುಂದಿನ ಹತ್ತಡಿ ರಸ್ತೆ ಯಾರ ಕೈಲಿದೆ ಅಂತ ಒಬ್ಬರಿಗೂ ಸರಿಯಾಗಿ ಗೊತ್ತಿಲ್ಲ. ಆಮೇಲೆ ಒಂದಷ್ಟು ದಿನ ಕೂತು ಓದಿ, ವಲಯ ಕಚೇರಿಗೆ ಅಲೆದು, ತಿಳಿದೋರನ್ನ ಕೇಳಿ ಅರ್ಥ ಮಾಡ್ಕೊಂಡಿದ್ದನ್ನ ಇಲ್ಲಿ ಬರೀತಿದೀನಿ.

ಮೊದಲು ರಸ್ತೇನೇ ನೋಡಿ. ಮೇಲೆ ಕಾಣೋ ಡಾಂಬರು ಒಂದು, ಕೆಳಗಿರೋದು ನಾಲ್ಕೈದು. ಬಡಾವಣೆ ಒಳಗಿನ ಕ್ರಾಸು, ಮೇನು ಪಾಲಿಕೆಗೆ ಸೇರಿದ್ದು. ಊರೊಳಗೇ ಹಾದು ಹೋಗೋ ಕೆಲವು ದೊಡ್ಡ ರಸ್ತೆಗಳು ಲೋಕೋಪಯೋಗಿ ಇಲಾಖೇದು ಇಲ್ಲಾ ರಾಷ್ಟ್ರೀಯ ಹೆದ್ದಾರೀದು, ಅಂದ್ರೆ ಒಂದು ಸರ್ಕಲ್ ದಾಟೋದ್ರೊಳಗೆ ರಸ್ತೆ ಮಾಲೀಕರೇ ಬದಲಾಗಿರ್ತಾರೆ. ಡಾಂಬರಿನ ಕೆಳಗೆ ಕುಡಿಯೋ ನೀರಿನ ಪೈಪು. ಮೈಸೂರಲ್ಲಿ ನೀರು ಬಿಡೋದು ವಾಣಿವಿಲಾಸ ವಾಟರ್ ವರ್ಕ್ಸ್, ಅದು ಪಾಲಿಕೆಯದ್ದೇ ಅಂಗ. ಆದ್ರೆ ಹೊಸ ದೊಡ್ಡ ನೀರಿನ ಯೋಜನೆ ಬಂತು ಅಂದ್ರೆ ಕಟ್ಟೋರು ಬಹಳ ಸಲ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಅದು ರಾಜ್ಯ ಸರ್ಕಾರದ ಸಂಸ್ಥೆ. ಅದರ ಪಕ್ಕದಲ್ಲಿ ಯುಜಿಡಿ ಅಂತೀವಲ್ಲ ಆ ಒಳಚರಂಡಿ. ಅಂಚಲ್ಲಿ ಮಳೆ ನೀರಿನ ಮೋರಿ. ಕರೆಂಟ್ ಕೇಬಲ್ ಹೂತಿದ್ರೆ ಅದು ವಿದ್ಯುತ್ ಕಂಪನಿ ಸೆಸ್ಕ್‌ನೋರ್ದು. ಈಚೆಗೆ ಬಂದ ಗ್ಯಾಸ್ ಪೈಪು, ಇಂಟರ್ನೆಟ್ ಕೇಬಲ್ಲು ಪ್ರೈವೇಟ್ ಕಂಪನಿಗಳದ್ದು.

ಈ ಒಬ್ಬೊಬ್ಬರಿಗೂ ಬೇರೆ ಬೇರೆ ಬಜೆಟ್ಟು, ಬೇರೆ ಎಸ್ಟಿಮೇಟು, ಬೇರೆ ಕಂಟ್ರಾಕ್ಟರ್, ಬೇರೆ ಬೇರೆ ಸಾಹೇಬರು. ದುಡ್ಡು ಬಿಡುಗಡೆ ಆಗೋದೂ ಬೇರೆ ಬೇರೆ ತಿಂಗಳಲ್ಲಿ. ರಸ್ತೆ ದುಡ್ಡು ದಸರಾ ಹೊತ್ತಿಗೆ ಬಂತು, ಪೈಪಿನ ದುಡ್ಡು ಜನವರೀಲಿ ಬಂತು ಅನ್ಕೊಳ್ಳಿ, ರಸ್ತೆಯೋರು ಪೈಪಿಗೆ ಕಾಯಲ್ಲ, ಯಾಕಂದ್ರೆ ಕಾದ್ರೆ ಅವರ ದುಡ್ಡು ವಾಪಸ್ ಹೋಗುತ್ತೆ. ಪೈಪಿನೋರಿಗೂ ಮಾರ್ಚ್ ಮೂವತ್ತೊಂದರ ಒಳಗೆ ಕೆಲಸ ತೋರಿಸಿ ಬಿಲ್ ಮಾಡ್ಬೇಕು, ಅವರೂ ಕಾಯಲ್ಲ. ಇಲ್ಲಿ ಯಾರೋ ಒಬ್ಬರು ಕೆಟ್ಟೋರು ಅಂತ ಬೊಟ್ಟು ಮಾಡೋಕೆ ಆಗಲ್ಲ, ಎಲ್ಲರೂ ಅವರವರ ಲೆಕ್ಕದಲ್ಲಿ ಸರಿಯಾಗೇ ಇರ್ತಾರೆ, ಆ ಲೆಕ್ಕಗಳನ್ನೆಲ್ಲ ಒಂದು ಟೇಬಲ್ ಮೇಲೆ ಇಟ್ಟು ಮೊದಲು ಪೈಪು, ಆಮೇಲೆ ಕೇಬಲ್ಲು, ಕೊನೇಲಿ ಡಾಂಬರು ಅಂತ ಸಾಲು ಹಚ್ಚೋರು ಮಾತ್ರ ಇರಲ್ಲ.

ರೋಡ್ ಕಟಿಂಗ್‌ಗೆ ಪರ್ಮಿಷನ್ ಅಂತ ಒಂದಿದೆ. ಅಗೆಯೋರು ಪಾಲಿಕೆಗೆ ಅರ್ಜಿ ಹಾಕಿ ರಸ್ತೆ ಮತ್ತೆ ಸರಿ ಮಾಡೋ ಖರ್ಚು ಕಟ್ಟಬೇಕು. ಬಹಳ ಜನಕ್ಕೆ ಇದು ಗೊತ್ತಿರಲ್ಲ. ದುಡ್ಡು ಕಟ್ಟಿದ್ಮೇಲೆ ಅಗೆದೋರ ಜವಾಬ್ದಾರಿ ಮುಗೀತು ಅಂತ ಅವರು ಅನ್ಕೋತಾರೆ, ಪಾಲಿಕೆ ಕಡೆಯಿಂದ ಆ ಅಗೆದ ಜಾಗ ಮುಚ್ಚೋಕೆ ಮತ್ತೆ ಬೇರೆ ಎಸ್ಟಿಮೇಟು, ಬೇರೆ ಟೆಂಡರು ಆಗಬೇಕು, ಒಂದು ಕ್ರಾಸಿಗೆ ಅಂತ ಯಾರೂ ಟೆಂಡರ್ ಕರೆಯಲ್ಲ, ಹತ್ತಿಪ್ಪತ್ತು ಸೇರಿಸಿ ಕರೀತಾರೆ, ಅಷ್ಟರಲ್ಲಿ ಒಂದು ಮಳೆಗಾಲ ಹೋಗಿರುತ್ತೆ. ಹಾಲಿನ ಹುಡುಗ ಬಿದ್ದಿದ್ದು ಈ ಎರಡು ಫೈಲುಗಳ ಮಧ್ಯದ ಸಂದಿಯಲ್ಲಿ.

ಇನ್ನೊಂದು ಮಾತು ನಿಮಗೆ ಗೊತ್ತಿರಲೇಬೇಕು. ರಸ್ತೆ ಮಾಡಿದ ಕಂಟ್ರಾಕ್ಟರಿಗೆ ದೋಷ ಹೊಣೆಗಾರಿಕೆ ಅವಧಿ ಅಂತ ಇರುತ್ತೆ, ಆಫೀಸಿನಲ್ಲಿ ಡಿಎಲ್‌ಪಿ ಅಂತಾರೆ. ಕರಾರಲ್ಲಿ ಬರೆದಷ್ಟು ಕಾಲ ರಸ್ತೆ ಕಿತ್ತು ಬಂದ್ರೆ ಅವನೇ ತನ್ನ ಖರ್ಚಲ್ಲಿ ರಿಪೇರಿ ಮಾಡ್ಬೇಕು. ಆದ್ರೆ ಮಧ್ಯದಲ್ಲಿ ಇನ್ಯಾರೋ ಬಂದು ಅಗೆದ್ರೆ ಅವನು ಏನಂತಾನೆ? ನಾನು ಹಾಕಿದ್ದು ಚೆನ್ನಾಗೇ ಇತ್ತು, ಕೆಡಿಸಿದ್ದು ಅವರು ಅಂತಾನೆ. ಅಲ್ಲಿಗೆ ಆ ಹೊಣೇನೂ ಹೋಯ್ತು. ಹೊಸ ರಸ್ತೆ ಅಗೆದಾಗ ಊರಿಗೆ ಆಗೋ ನಷ್ಟ ಎರಡಡಿ ಪಟ್ಟಿ ಮಾತ್ರ ಅಲ್ಲ, ಇಡೀ ರಸ್ತೆಯ ಗ್ಯಾರಂಟಿನೇ ಹೋಗುತ್ತೆ.

ದಸರಾ ಡಾಂಬರಿನ ಬಗ್ಗೆ ಮೈಸೂರಿನೋರಿಗೆ ನಾನೇನು ಹೊಸದಾಗಿ ಹೇಳಬೇಕಾಗಿಲ್ಲ. ದಸರಾ ನಮ್ಮ ಪ್ರಾಣ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಮೈಸೂರಿಗೆ ಮಳೆ ಜೋರಾಗಿ ಹೊಡೆಯೋದು ಮೇ ತಿಂಗಳಲ್ಲಿ ಒಂದ್ಸಲ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಇನ್ನೊಂದ್ಸಲ, ಸರಿಯಾಗಿ ಆ ಎರಡನೇ ಮಳೆ ಹೊತ್ತಲ್ಲೇ ನಾವು ರಸ್ತೆ ಮಾಡೋಕೆ ಹೊರಡ್ತೀವಿ. ಒದ್ದೆ ನೆಲಕ್ಕೆ ಡಾಂಬರು ಹಿಡಿಯಲ್ಲ, ಕೆಳಗಿನ ಜಲ್ಲಿ ಒಣಗಿರಬೇಕು, ಇದು ಕೆಲಸ ಮಾಡೋ ಮೇಸ್ತ್ರಿಗೂ ಗೊತ್ತು ಇಂಜಿನಿಯರಿಗೂ ಗೊತ್ತು. ಫೆಬ್ರವರೀಲಿ ಮಾಡಿದ್ರೆ ಐದು ವರ್ಷ ಬಾಳೋ ರಸ್ತೆ ಸೆಪ್ಟೆಂಬರಲ್ಲಿ ಮಾಡಿದ್ರೆ ಜಂಬೂಸವಾರಿ ನೋಡ್ಕೊಂಡು ಜನ ವಾಪಸ್ ಹೋಗೋವರೆಗೆ ಇದ್ರೆ ದೊಡ್ಡದು. ಹಬ್ಬದ ದುಡ್ಡನ್ನ ಬೇಸಿಗೆ ಶುರುವಾಗೋ ಮುಂಚೆನೇ ಬಿಡುಗಡೆ ಮಾಡಿ ಅಂತ ಕೇಳೋದು ನನ್ನ ಲೆಕ್ಕದಲ್ಲಿ ಊರಿನ ಅಭಿಮಾನದ ಮೊದಲ ಕೆಲಸ.

ಈಗ ದುಡ್ಡಿನ ವಿಷಯ. ಕಂದಾಯ ಕಟ್ಟೋವಾಗ ರಸೀದಿ ಪೂರ್ತಿ ಓದಿದೀರಾ? ಏಪ್ರಿಲ್ ತಿಂಗಳಲ್ಲೇ ಕಟ್ಟಿದ್ರೆ 5 ಪರ್ಸೆಂಟ್ ರಿಯಾಯ್ತಿ ಅಂತ ಎಲ್ಲರೂ ಕ್ಯೂ ನಿಂತು ಕಟ್ತೀವಿ, ರಸೀದಿ ಮಡಚಿ ಬೀರುಗೆ ಹಾಕ್ತೀವಿ. ಅದರಲ್ಲಿ ಆಸ್ತಿ ತೆರಿಗೆ ಅಂತ ಒಂದು ಮೊತ್ತ, ಅದರ ಕೆಳಗೆ ಸೆಸ್ ಅಂತ ಸಾಲಾಗಿ ಇರುತ್ತೆ. ತೆರಿಗೆ 100 ರೂಪಾಯಿ ಆದ್ರೆ ಅದರ ಮೇಲೆ ಆರೋಗ್ಯ ಕರ 15, ಗ್ರಂಥಾಲಯ ಕರ 6, ಭಿಕ್ಷುಕರ ಕರ 3. ಹೀಗೆ ಗ್ರಂಥಾಲಯದ್ದು, ಭಿಕ್ಷುಕರ ಪುನರ್ವಸತೀದು ಪಾಲಿಕೆ ವಸೂಲಿ ಮಾಡಿ ಬೇರೆ ಕಡೆ ಕೊಡಬೇಕಾದ ದುಡ್ಡು, ನಮ್ಮ ಮೋರಿಗೆ ಬರೋದಲ್ಲ. ಹಿಂದೆ ಊರಿಗೆ ಬರೋ ಸರಕಿನ ಮೇಲೆ ಆಕ್ಟ್ರಾಯ್ ಅಂತ ಸುಂಕ ಇತ್ತು, ಅದೇ ಪುರಸಭೆಗಳ ದೊಡ್ಡ ಆದಾಯ, ಕರ್ನಾಟಕದಲ್ಲಿ 1979ರಲ್ಲೇ ಅದನ್ನ ತೆಗೆದ್ರು. ಅಲ್ಲಿಂದ ಈಚೆಗೆ ಊರಿನ ಆಡಳಿತಕ್ಕೆ ಸ್ವಂತದ್ದು ಅಂತ ಉಳಿದಿದ್ದು ಮುಖ್ಯವಾಗಿ ಆಸ್ತಿ ತೆರಿಗೆ, ನೀರಿನ ಬಿಲ್ಲು, ಅಂಗಡಿ ಲೈಸೆನ್ಸು, ಪಾಲಿಕೆ ಮಳಿಗೆಗಳ ಬಾಡಿಗೆ. ಉಳಿದಿದ್ದಕ್ಕೆಲ್ಲ ರಾಜ್ಯ ಹಣಕಾಸು ಆಯೋಗದ (ಎಸ್‌ಎಫ್‌ಸಿ) ಅನುದಾನ, ನಗರೋತ್ಥಾನ, ಕೇಂದ್ರದ ಹಣಕಾಸು ಆಯೋಗ, ಅಮೃತ್ ಯೋಜನೆ ಅಂತ ಮೇಲೆ ನೋಡ್ಕೊಂಡು ಕೂರಬೇಕು.

ಮೇಲಿಂದ ಬರೋ ದುಡ್ಡಿಗೆ ಮೇಲಿನೋರ ಷರತ್ತು ಇರುತ್ತೆ. ಇಷ್ಟು ನೀರಿಗೆ, ಇಷ್ಟು ಕಸಕ್ಕೆ, ಇಷ್ಟು ರಸ್ತೆಗೆ ಅಂತ ಮೊದಲೇ ಬರೆದಿರುತ್ತೆ. ನಮ್ಮ ವಾರ್ಡಲ್ಲಿ ಮೋರಿ ಮುಖ್ಯ, ರಸ್ತೆ ಆಮೇಲೆ ಸಾಕು ಅಂತ ನಾವು ಹೇಳೋಕೆ ಆಗಲ್ಲ.

ಇಲ್ಲಿಗೆ ಬಂದಾಗ ಎಲ್ಲರೂ ಹೋಗೋದು ಎಂಎಲ್‌ಎ ಮನೆ ಬಾಗಿಲಿಗೆ. ಮೈಸೂರು ನಗರದೊಳಗೆ ಕೃಷ್ಣರಾಜ, ಚಾಮರಾಜ, ನರಸಿಂಹರಾಜ ಅಂತ ಮೂರು ಕ್ಷೇತ್ರ, ಸುತ್ತ ಚಾಮುಂಡೇಶ್ವರಿ, ವರುಣ. ಕರ್ನಾಟಕದಲ್ಲಿ ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಇಡೀ ಕ್ಷೇತ್ರಕ್ಕೆ. ಸಮುದಾಯ ಭವನ, ಬಸ್ ಶೆಲ್ಟರು, ಶಾಲೆ ಕೊಠಡಿ ಅಂತ ಹಂಚಿದ್ರೆ ಮುಗೀತು. ಶಾಸಕರ ನಿಜವಾದ ಕೆಲಸ ವಿಧಾನಸೌಧದಲ್ಲಿ ಕಾನೂನು ಮಾಡೋದು, ಸರ್ಕಾರವನ್ನ ಪ್ರಶ್ನೆ ಕೇಳೋದು. ಗುದ್ದಲಿ ಪೂಜೆಗೆ ಬರೋದು ತಪ್ಪು ಅಂತ ನಾನು ಹೇಳ್ತಿಲ್ಲ, ಆದ್ರೆ ಕಸದ ಗಾಡಿ ಯಾಕೆ ಎರಡು ದಿನ ಬರಲಿಲ್ಲ ಅಂತ ಲಕ್ಷಾಂತರ ಜನ ಒಬ್ಬ ಶಾಸಕರನ್ನ ಕೇಳ್ತಿದ್ರೆ ಅವರೂ ಆ ಕೆಲಸ ಮಾಡೋಕಾಗಲ್ಲ, ಅವರ ನಿಜವಾದ ಕೆಲಸಾನೂ ಆಗಲ್ಲ. ಕೇಳಬೇಕಾಗಿದ್ದು ಕಾರ್ಪೊರೇಟರನ್ನ.

ಆ ಕಾರ್ಪೊರೇಟರೇ ಇಲ್ಲ. ನನಗೆ ಅತ್ಯಂತ ಸಂಕಟ ಆಗೋದು ಇಲ್ಲೇ.

ಮೈಸೂರು ಮಹಾನಗರ ಪಾಲಿಕೇಲಿ 65 ವಾರ್ಡು. ಕೊನೇ ಸಲ ಚುನಾವಣೆ ನಡೆದಿದ್ದು 2018ರಲ್ಲಿ, ಆ ಕೌನ್ಸಿಲ್ ಅವಧಿ 2023ರ ನವೆಂಬರಲ್ಲಿ ಮುಗೀತು. ಅದಾದ್ಮೇಲೆ ಎರಡು ವರ್ಷ ಕಳೆದರೂ ಹೊಸ ಕೌನ್ಸಿಲ್ ಬರಲಿಲ್ಲ, ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಕೈಲಿ ಊರು ನಡೀತು. ಬೆಂಗಳೂರಿನದ್ದು ಇನ್ನೂ ಮುಂಚೆ, ಬಿಬಿಎಂಪಿ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರಲ್ಲಿ, 2025ರ ಸೆಪ್ಟೆಂಬರಲ್ಲಿ ಅದನ್ನ ಐದು ಪಾಲಿಕೆ ಮಾಡಿದ್ರೇ ಹೊರತು ಆ ಐದು ವರ್ಷದಲ್ಲಿ ಒಂದು ಚುನಾವಣೆ ಮಾಡಲಿಲ್ಲ.

ಸಂವಿಧಾನ ಇದರ ಬಗ್ಗೆ ಏನೂ ಮುಚ್ಚುಮರೆ ಇಟ್ಟಿಲ್ಲ. 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. ಅದರಲ್ಲಿ 243-ಯು ಅನ್ನೋ ವಿಧಿ ಇದೆ, ನಗರಸಭೆ ಪಾಲಿಕೆಗಳ ಅವಧಿ ಐದು ವರ್ಷ, ಅದಕ್ಕಿಂತ ಒಂದು ದಿನ ಜಾಸ್ತಿ ಇಲ್ಲ, ಆ ಐದು ವರ್ಷ ಮುಗಿಯೋದ್ರೊಳಗೇ ಮುಂದಿನ ಚುನಾವಣೆ ಮುಗಿದಿರಬೇಕು. ಮುಗಿದ ಮೇಲೆ ನೋಡೋಣ ಅಲ್ಲ, ಮುಗಿಯೋ ಮುಂಚೆ. 2006ರಲ್ಲಿ ಅಹಮದಾಬಾದ್ ಪಾಲಿಕೆ ಕೇಸಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳ್ತು. ಆದರೂ ಯಾಕೆ ತಡ ಆಗುತ್ತೆ ಅಂದ್ರೆ, ಚುನಾವಣೆ ನಡೆಸೋದು ರಾಜ್ಯ ಚುನಾವಣಾ ಆಯೋಗ ಆದ್ರೂ ವಾರ್ಡ್ ಗಡಿ ಗುರುತು ಮಾಡಿ ಕೊಡೋದು, ಯಾವ ವಾರ್ಡ್ ಯಾರಿಗೆ ಮೀಸಲು ಅಂತ ಪಟ್ಟಿ ಕೊಡೋದು ರಾಜ್ಯ ಸರ್ಕಾರ. ಆ ಪಟ್ಟಿ ತಡ, ಬಂದ್ರೆ ಅದರ ಮೇಲೆ ಕೋರ್ಟ್ ಕೇಸು. ಹಿಂದುಳಿದ ವರ್ಗದ ಮೀಸಲಾತಿಗೆ ಮೊದಲು ಆಯೋಗ ಮಾಡಿ ಅಂಕಿಅಂಶ ತನ್ನಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ಮೇಲೆ ಕರ್ನಾಟಕದಲ್ಲಿ ನ್ಯಾಯಮೂರ್ತಿ ಭಕ್ತವತ್ಸಲ ಅವರ ಆಯೋಗ ಆಯ್ತು, 2022ರಲ್ಲೇ ವರದಿ ಕೊಡ್ತು. ಅಂದ್ರೆ ಆ ಕಾರಣಾನೂ ತೀರಿ ಹಳೇದಾಯ್ತು. ಯಾವ ಪಕ್ಷ ಸರ್ಕಾರದಲ್ಲಿದ್ರೂ ಇದೇ ನಡೆದಿದೆ, ಅದಕ್ಕೇ ಇದನ್ನ ಒಂದು ಪಕ್ಷದ ತಲೆಗೆ ಕಟ್ಟೋಕೆ ನಾನು ಹೋಗಲ್ಲ.

ನಮ್ಮ ರಾಜ್ಯಕ್ಕೆ ಇದು ಶೋಭೆ ಅಲ್ಲ ಅಂತ ನಾನು ಹೇಳೋದಕ್ಕೆ ಕಾರಣ ಇದೆ. ದೇಶದಲ್ಲಿ ಪಂಚಾಯ್ತಿಗೆ ಅಧಿಕಾರ ಕೊಡೋ ತಿದ್ದುಪಡಿ ಬರೋಕೆ ಎಷ್ಟೋ ಮುಂಚೆ, 1987ರಲ್ಲೇ ಕರ್ನಾಟಕದಲ್ಲಿ ಜಿಲ್ಲಾ ಪರಿಷತ್ ಚುನಾವಣೆ ನಡೆದಿತ್ತು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿ. ಊರೂರಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ಅವರನ್ನ ನೀರ್ ಸಾಬ್ ಅಂತಾನೇ ಕರೀತಿದ್ರು. ಬೇರೆ ರಾಜ್ಯದೋರು ನಮ್ಮನ್ನ ನೋಡಿ ಕಲಿತಿದ್ದ ಕಾಲ ಅದು. ಈಗ ಅದೇ ರಾಜ್ಯದಲ್ಲಿ ಜಿಲ್ಲಾ ಪಂಚಾಯ್ತಿ, ತಾಲೂಕು ಪಂಚಾಯ್ತಿ ಸದಸ್ಯರ ಅವಧಿ 2021ರಲ್ಲಿ ಮುಗಿದಿದ್ದು, ವರ್ಷಗಟ್ಟಲೆ ಖಾಲಿ ಬಿತ್ತು.

ಕಾರ್ಪೊರೇಟರ್‌ಗಳು ಇಲ್ಲದಿದ್ದರೇ ಒಳ್ಳೇದು, ಅಧಿಕಾರಿಗಳೇ ಚೆನ್ನಾಗಿ ಮಾಡ್ತಾರೆ, ಅವರು ಇದ್ದಿದ್ದು ಬರೀ ಕಮಿಷನ್ನಿಗೆ ಅಂತ ನಮ್ಮ ಬೀದೀಲೂ ಹೇಳೋರಿದಾರೆ. ಈ ಮಾತನ್ನ ತಳ್ಳಿ ಹಾಕಲ್ಲ, ಅವರ ಅನುಭವ ಅವರಿಗೆ. ಆದ್ರೆ ಒಂದು ಯೋಚನೆ ಮಾಡಿ. ಅಧಿಕಾರಿ ಎಷ್ಟೇ ಒಳ್ಳೆಯೋರಿದ್ರೂ ಎರಡು ವರ್ಷಕ್ಕೆ ಟ್ರಾನ್ಸ್‌ಫರ್, ಹೊಸಬರು ಬಂದು ನಮ್ಮ ಬೀದಿ ಎಲ್ಲಿದೆ ಅಂತ ತಿಳ್ಕೊಳ್ಳೋಕೆ ಆರು ತಿಂಗಳು. ನನ್ನ ಸಿಟ್ಟಿಂದ ಅವರಿಗೆ ಒಂದು ವೋಟೂ ಹೋಗಲ್ಲ. ಕಾರ್ಪೊರೇಟರ್ ಕೆಟ್ಟೋರಾದ್ರೆ ಮುಂದಿನ ಸಲ ಸೋಲಿಸಬಹುದು, ಕೌನ್ಸಿಲ್ ಮೀಟಿಂಗಲ್ಲಿ ಎದುರು ಪಕ್ಷದೋರು ಎದ್ದು ನಿಂತು ಈ ಟೆಂಡರ್ ಯಾಕೆ ಹೀಗೆ ಅಂತ ಕೇಳ್ತಾರೆ, ಮಾರನೇ ದಿನ ಪೇಪರಲ್ಲಿ ಬರುತ್ತೆ. ತೆರಿಗೆ ಮತ್ತು ಹಣಕಾಸಿಗೆ ಒಂದು, ಆರೋಗ್ಯಕ್ಕೆ ಒಂದು, ನಗರ ಯೋಜನೆಗೆ ಒಂದು, ಲೆಕ್ಕಪತ್ರಕ್ಕೆ ಒಂದು ಅಂತ ನಾಲ್ಕು ಸ್ಥಾಯಿ ಸಮಿತಿ ಇವೆ, ಪಾಲಿಕೆ ದುಡ್ಡಿನ ಫೈಲು ಅಲ್ಲಿ ಒಂದಷ್ಟು ಕಣ್ಣಿಗೆ ಬೀಳುತ್ತೆ. ಕೌನ್ಸಿಲ್ ಇಲ್ಲದಾಗ ಬಜೆಟ್ಟು ಒಂದು ಕೊಠಡೀಲಿ ಬರೆದು ಅದೇ ಕೊಠಡೀಲಿ ಪಾಸಾಗುತ್ತೆ.

2025ರ ಏಪ್ರಿಲಲ್ಲಿ ಹೈದರಾಲಿ ರಸ್ತೇಲಿ ಅಗಲೀಕರಣಕ್ಕೆ ಅಂತ 40 ಮರ ಉರುಳಿಸಿದ್ರಲ್ಲ, ನೆನಪಿದೆಯಾ? ಜನ ಬೆಳಗ್ಗೆ ಎದ್ದು ನೋಡಿದ್ರೆ ನೆರಳೇ ಇಲ್ಲ. ಆಮೇಲೆ ಪ್ರತಿಭಟನೆ, ಮೇಣದ ಬತ್ತಿ, ಮನವಿ ಪತ್ರ ಎಲ್ಲ ಆಯ್ತು. ಮರ ಕಡಿಯೋ ಮುಂಚೆ ಅಲ್ಲಿನ ವಾರ್ಡ್ ಸದಸ್ಯರೊಬ್ಬರು ಇದ್ದಿದ್ರೆ ಒಂದು ವೇಳೆ ಅವರಿಗೂ ಇಷ್ಟ ಇದ್ದಿರಬಹುದು ಕಡಿಯೋದು, ಆದ್ರೆ ಸುದ್ದಿ ಮುಂಚೆನೇ ಹೊರಗೆ ಬರ್ತಿತ್ತು. ಎಲೆಕ್ಟೆಡ್ ಬಾಡಿ ಇಲ್ಲದಿದ್ರೆ ನಮಗೆ ಎಲ್ಲ ಗೊತ್ತಾಗೋದು ಆಗಿ ಹೋದ್ಮೇಲೆ.

ದುಡ್ಡಿನ ಪೆಟ್ಟೂ ಇದೆ. 2026ರ ಮಾರ್ಚ್‌ವರೆಗಿನ 15ನೇ ಹಣಕಾಸು ಆಯೋಗದ ಅನುದಾನ ಬೇಕಾದ್ರೆ ಸ್ಥಳೀಯ ಸಂಸ್ಥೇಲಿ ಚುನಾಯಿತ ಸದಸ್ಯರು ಇರಬೇಕು ಅನ್ನೋ ಷರತ್ತು ಕೇಂದ್ರ ಇಟ್ಟಿತ್ತು. ಚುನಾವಣೆ ತಳ್ಳಿದಷ್ಟೂ ನಮ್ಮ ಪಾಲಿನ ದುಡ್ಡು ದಿಲ್ಲೀಲಿ ಕೂತಿತು.

ಇನ್ನು ಊರ ಅಂಚಿಗೆ ಹೋದ್ರೆ ಕಥೆ ಇನ್ನೂ ಕಷ್ಟ. ನಮ್ಮ ಭಾವನೋರು ಒಂದು ಪ್ರೈವೇಟ್ ಲೇಔಟಲ್ಲಿ ಮನೆ ಕಟ್ಟಿದಾರೆ, ಆರ್ಚು ಇದೆ, ಪಾರ್ಕಿಗೆ ಕಾಂಪೌಂಡ್ ಇದೆ, ನೀರು ಮಾತ್ರ ಟ್ಯಾಂಕರಲ್ಲಿ. ಲೇಔಟಿಗೆ ನಕ್ಷೆ ಮಂಜೂರು ಮಾಡೋದು ಮುಡಾ, ಅದೇ ಈಗ ಮೈಸೂರು ಅಭಿವೃದ್ಧಿ ಪ್ರಾಧಿಕಾರ. ಡೆವಲಪರ್ ರಸ್ತೆ, ಮೋರಿ, ಯುಜಿಡಿ, ನೀರಿನ ಲೈನು, ಕರೆಂಟು ಎಲ್ಲ ಮಾಡಿ ಕೊಡಬೇಕು, ಕೆಲಸ ಆದಂಗೆ ಆದಂಗೆ ಸೈಟುಗಳನ್ನ ಬಿಡುಗಡೆ ಮಾಡ್ತಾರೆ. ಕಾಗದದ ಮೇಲೆ ಬಹಳ ಒಳ್ಳೆ ಪದ್ಧತಿ. ತೊಂದರೆ ಶುರುವಾಗೋದು ಎಲ್ಲ ಸೈಟು ಮಾರಿದ ಮೇಲೆ. ಲೇಔಟನ್ನ ಪ್ರಾಧಿಕಾರ ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಮಾಡ್ಬೇಕು, ಯುಜಿಡಿ ಸರಿ ಇಲ್ಲ, ಟ್ಯಾಂಕ್ ಕಟ್ಟಿಲ್ಲ ಅಂತ ಸ್ಥಳೀಯ ಸಂಸ್ಥೆ ತಗೊಳ್ಳಲ್ಲ, ಡೆವಲಪರ್ ಅಷ್ಟೊತ್ತಿಗೆ ಇನ್ನೊಂದು ಲೇಔಟಿಗೆ ಹೋಗಿರ್ತಾನೆ. ಮಧ್ಯದಲ್ಲಿ ಸಿಕ್ಕಿಕೊಂಡೋರು ಸಾಲ ಮಾಡಿ ಮನೆ ಕಟ್ಟಿದೋರು. ಅಲ್ಲಿ ಬೀದಿ ದೀಪ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು ಅಂತ ಬೋರ್ಡು ಹಾಕೋಕೂ ಒಂದು ಆಫೀಸು ಇಲ್ಲ. ಸೈಟು ತಗೋಳೋರು ಡಾಕ್ಯುಮೆಂಟ್ ನೋಡೋ ಜೊತೆಗೆ ಲೇಔಟ್ ಹಸ್ತಾಂತರ ಆಗಿದೆಯಾ ಅಂತ ಒಂದು ಪ್ರಶ್ನೆ ಕೇಳಿ, ಆ ಒಂದು ಪ್ರಶ್ನೆಗೆ ಹತ್ತು ವರ್ಷದ ನೆಮ್ಮದಿ ಇದೆ.

ಈ ಅಂಚಿನ ಊರುಗಳನ್ನ ಕೆಲವು ವರ್ಷದ ಹಿಂದೆ ಹೂಟಗಳ್ಳಿ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯ್ತಿ ಅಂತ ಮಾಡಿದ್ರು. ಗ್ರಾಮ ಪಂಚಾಯ್ತಿ ಸದಸ್ಯರು ಅಂತ ಇದ್ದೋರೂ ಹೋದ್ರು. ಈಗ ಎಲ್ಲ ಸೇರಿಸಿ ಬೃಹತ್ ಮೈಸೂರು ಮಾಡೋ ಮಾತು. ದೊಡ್ಡದಾಗೋದು ನನಗೂ ಇಷ್ಟವೇ, ಆದ್ರೆ ಬೋರ್ಡು ಬದಲಾಯಿಸೋ ಮುಂಚೆ ಈ ಲೇಔಟುಗಳ ನೀರು, ಯುಜಿಡಿಗೆ ಎಷ್ಟು ದುಡ್ಡು, ಯಾರು ಕೊಡ್ತಾರೆ ಅಂತ ಬರೆದು ತೋರಿಸಲಿ.

ಮೈಸೂರಿನ ಹೆಮ್ಮೆ ಅಂದಾಗ ನಾವು ಅರಮನೆ ತೋರಿಸ್ತೀವಿ. ನನಗೆ ಅದಕ್ಕಿಂತ ಹೆಮ್ಮೆ ಚಾಮರಾಜಪುರಂ, ಲಕ್ಷ್ಮೀಪುರಂ ಕಡೆ ಹಳೇ ಮನೆಗಳ ಹಿಂದೆ ಇರೋ ಕನ್ಸರ್ವೆನ್ಸಿ ಗಲ್ಲಿಗಳು. 1898ರಲ್ಲಿ ಮೈಸೂರಿಗೆ ಪ್ಲೇಗ್ ಬಂತು, ಕೋಟೆ ಒಳಗಿನ ಇಕ್ಕಟ್ಟಾದ ಕೇರಿಗಳಲ್ಲಿ ಜನ ಸತ್ರು. ಆ ಪೆಟ್ಟಿಂದ ಕಲಿತು 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿದ್ರು, ಇಡೀ ದೇಶದಲ್ಲೇ ಅಂಥ ಮೊದಲ ಸಂಸ್ಥೆಗಳಲ್ಲಿ ಒಂದು. ಅಗಲ ರಸ್ತೆ, ಗಾಳಿ ಬೆಳಕು, ಮನೆ ಹಿಂದೆ ಕಸ ಮೋರಿಗೆ ಅಂತಾನೇ ಬೇರೆ ಗಲ್ಲಿ. ಮೋರಿ ಎಲ್ಲಿ ಹೋಗುತ್ತೆ ಅಂತ ಮೊದಲು ಯೋಚನೆ ಮಾಡಿ ಆಮೇಲೆ ಮನೆ ಕಟ್ಟಿದ ಊರು ನಮ್ದು. 2015, 2016ರಲ್ಲಿ ದೇಶದ ಸ್ವಚ್ಛ ನಗರ ಅಂತ ಮೊದಲ ಸ್ಥಾನ ಬಂದಿದ್ದಕ್ಕೆ ಬೆಳಗ್ಗೆ ಐದೂವರೆಗೆ ಪೊರಕೆ ಹಿಡಿಯೋ ಪೌರಕಾರ್ಮಿಕರು ಎಷ್ಟು ಕಾರಣಾನೋ, ನೂರು ವರ್ಷದ ಹಿಂದೆ ಹಾಕಿದ ಈ ಅಡಿಪಾಯಾನೂ ಅಷ್ಟೇ ಕಾರಣ. ಆದ್ರೆ ಹಿಂದಿನೋರು ಕಟ್ಟಿದ್ದನ್ನ ನೋಡ್ಕೊಳ್ಳೋದು ನಾವು ಮರೆತ್ವಿ. 2012ರಲ್ಲಿ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ಕು ಜನ ತೀರ್ಕೊಂಡ್ರು, 2016ರಲ್ಲಿ ದೇವರಾಜ ಮಾರುಕಟ್ಟೆ ಒಂದು ಕಡೆ ಕುಸೀತು, ಕೆಡವಬೇಕೋ ಉಳಿಸಬೇಕೋ ಅಂತ ವರ್ಷಗಟ್ಟಲೆ ಜಗಳ. ಉಳಿಸಲಿ ಕೆಡವಲಿ, ದಿನಾ ಸೂರು ಸೋರುತ್ತಾ ಅಂತ ನೋಡೋ ಒಬ್ಬ ಮನುಷ್ಯ ಇರಬೇಕಿತ್ತು, ನಾವು ಜಗಳ ಶುರು ಮಾಡಿದ್ದೇ ಬಿದ್ದ ಮೇಲೆ.

ಜನ ಏನು ಮಾಡಬಹುದು ಅಂತ ಕೇಳ್ತೀರಿ. ಒಂದು, ನಿಮ್ಮ ರಸ್ತೆಯ ಎಸ್ಟಿಮೇಟು, ವರ್ಕ್ ಆರ್ಡರು, ಡಿಎಲ್‌ಪಿ ಎಲ್ಲಿವರೆಗೆ ಅಂತ ಮಾಹಿತಿ ಹಕ್ಕಲ್ಲಿ ಕೇಳಿ. ಫೀಸು 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜೀಲಿ ಒಂದೇ ವಿಷಯ, 150 ಪದ ದಾಟಬಾರದು, ಅದಕ್ಕೇ ಕಥೆ ಬರೀಬೇಡಿ, ರಸ್ತೆ ಹೆಸರು, ವಾರ್ಡ್ ನಂಬರ್, ಬೇಕಾದ ಕಾಗದ ಇಷ್ಟೇ ಬರೀರಿ. ಡಿಎಲ್‌ಪಿ ಇನ್ನೂ ಇದೆ ಅಂತ ಕಾಗದ ಕೈಲಿದ್ರೆ ಇಂಜಿನಿಯರ್ ಹತ್ರ ಮಾತಾಡೋ ರೀತಿನೇ ಬೇರೆ ಆಗುತ್ತೆ. ಇನ್ನೊಂದು ವಾರ್ಡ್ ಕಮಿಟಿ. ಮೂರು ಲಕ್ಷ ಇಲ್ಲಾ ಅದಕ್ಕಿಂತ ಜಾಸ್ತಿ ಜನ ಇರೋ ಊರಲ್ಲಿ ವಾರ್ಡ್ ಸಮಿತಿ ಇರಲೇಬೇಕು ಅಂತ ಸಂವಿಧಾನದಲ್ಲೇ ಇದೆ, ಮೈಸೂರು 2011ರ ಗಣತೀಲೇ 9 ಲಕ್ಷದ ಆಸುಪಾಸು. ನಮ್ಮ ರಾಜ್ಯದ ಕಾನೂನಲ್ಲಿ ಹತ್ತು ಜನ ಸದಸ್ಯರು, ಅದರಲ್ಲಿ ಕನಿಷ್ಠ ಮೂರು ಜನ ಹೆಣ್ಮಕ್ಕಳು, ಇಬ್ಬರು ಪರಿಶಿಷ್ಟ ಜಾತಿ ಪಂಗಡದೋರು, ಇಬ್ಬರು ನಿವಾಸಿಗಳ ಸಂಘದೋರು, ತಿಂಗಳಿಗೊಂದು ಸಭೆ. ಮಂಗಳೂರಿನೋರು ಇದಕ್ಕಾಗಿ ಹೈಕೋರ್ಟ್‌ವರೆಗೂ ಹೋಗಿ ಮಾಡಿಸ್ಕೊಂಡ್ರು. ಚುನಾವಣೆ ಬಂದಾಗ ನಿಮ್ಮನೆಗೆ ವೋಟ್ ಕೇಳೋಕೆ ಬರೋರನ್ನ ಬಾಗಿಲಲ್ಲೇ ಕೇಳಿ, ವಾರ್ಡ್ ಕಮಿಟಿ ಸಭೆ ಪ್ರತಿ ತಿಂಗಳು ಯಾವ ದಿನ ಕರೀತೀರಿ ಅಂತ. ದಿನ ಹೇಳಿದೋರಿಗೆ ನನ್ನ ವೋಟು, ಪಕ್ಷ ಯಾವುದಾದ್ರೂ ಸರಿ.

ಒಂದು ವಿಷಯ ನಮ್ಮದೇ ತಪ್ಪು, ಅದನ್ನೂ ಹೇಳಬೇಕು. ಪ್ರತಿ ಜೋರು ಮಳೆಗೂ ನಮ್ಮ ಕ್ರಾಸಿನ ತಗ್ಗಲ್ಲಿರೋ ಮ್ಯಾನ್‌ಹೋಲ್ ಮುಚ್ಚಳ ಎದ್ದು ಗಲೀಜು ನೀರು ಮೂಲೆ ಮನೆ ಅಜ್ಜಿಯ ತುಳಸಿ ಕಟ್ಟೆವರೆಗೂ ಬರ್ತಿತ್ತು. ನಾವು ಕಂಪ್ಲೇಂಟ್ ಮಾಡೋದು, ನೀರು ರಭಸವಾಗಿ ಹೊಡೆದು ಪೈಪು ತೊಳೆಯೋ ಜೆಟ್ಟಿಂಗ್ ಗಾಡಿ ಬರೋದು, ಮತ್ತೆ ಮುಂದಿನ ಮಳೆಗೆ ಅದೇ. ಒಂದು ದಿನ ಗಾಡಿ ಜೊತೆ ಬಂದಿದ್ದ ಅಣ್ಣ ಪೈಪು ಸುತ್ತಿ ಇಡ್ತಾ ಹೇಳಿದ್ರು, "ಸಾರ್, ಇದು ಕಟ್ಕೊಂಡಿರೋದಲ್ಲ. ಕಟ್ಕೊಂಡಿದ್ರೆ ದಿನಾ ಉಕ್ಕಬೇಕಿತ್ತಲ್ವಾ? ಮಳೆ ಬಂದಾಗ ಮಾತ್ರ ಉಕ್ಕುತ್ತೆ ಅಂದ್ರೆ ನಿಮ್ಮ ತಾರಸಿ ನೀರೆಲ್ಲ ಯುಜಿಡಿಗೆ ಬಿಟ್ಟಿದೀರಿ ಅಂತ. ಈ ಪೈಪು ಸಂಡಾಸ್ ನೀರಿಗೆ ಅಂತ ಲೆಕ್ಕ ಹಾಕಿರೋದು ಸಾರ್, ಇಡೀ ಬೀದಿ ತಾರಸಿ ನೀರು ಎಲ್ಲಿ ಹಿಡಿಯುತ್ತೆ?"

ಅಷ್ಟೇ ಸತ್ಯ. ಯುಜಿಡಿ ಹೋಗೋದು ಶುದ್ಧೀಕರಣ ಘಟಕಕ್ಕೆ, ಮಳೆ ನೀರಿನ ಮೋರಿ ಹೋಗೋದು ಕೆರೆಗೆ, ಎರಡೂ ಬೇರೆ ಬೇರೆ ಇರಬೇಕು. ಮನೆ ಕಟ್ಟೋವಾಗ ಪ್ಲಂಬರ್ ಸುಲಭಕ್ಕೆ ತಾರಸಿ ಪೈಪನ್ನೂ ಅದೇ ಚೇಂಬರಿಗೆ ಇಳಿಸಿಬಿಡ್ತಾನೆ, ನಾವೂ ಕೇಳಲ್ಲ. ನಮ್ಮನೆದು ಹೋಗಿ ನೋಡಿದೆ, ಹಂಗೇ ಇತ್ತು. ಒಂದು ದಿನದ ಕೆಲಸ, ಪೈಪು ಕತ್ತರಿಸಿ ಬೆಂಡ್ ಹಾಕಿ ಅರ್ಧ ಸಂಪಿಗೆ, ಹೆಚ್ಚಾಗಿದ್ದು ಮುಂದಿನ ಮೋರಿಗೆ ತಿರುಗಿಸಿದೆ. ಆಮೇಲೆ ಮನೆ ಮನೆಗೆ ಹೋಗಿ ಕೇಳ್ಕೊಂಡೆ. ಕ್ರಾಸಲ್ಲಿ ಹದಿನಾಲ್ಕು ಮನೆ, ಒಂಬತ್ತು ಮನೆಯೋರು ಬದಲಾಯಿಸಿದಾರೆ, ಇಬ್ಬರು ಬಾಡಿಗೆ ಮನೆಯೋರು ಮಾಲೀಕರಿಗೆ ಹೇಳ್ತೀವಿ ಅಂದಿದಾರೆ. ಹೋದ ಮೇ ತಿಂಗಳ ಮಳೆಗೆ ಮುಚ್ಚಳ ಒಂದ್ಸಲ ಅಲ್ಲಾಡಿತು, ಏಳಲಿಲ್ಲ. ಉಳಿದ ಮೂರು ಮನೆಯೋರು ದಸರಾ ಮಳೆ ಬರೋದ್ರೊಳಗೆ ಮಾಡಿಸ್ತೀವಿ ಅಂತ ಅಜ್ಜಿಗೆ ಮಾತು ಕೊಟ್ಟಿದಾರೆ.